ಕಲ್ಲುಸಾರದ ಕೊನೆಯ ನಾಣ್ಯ

ಸುಬ್ಬಪ್ಪ ಶೆಟ್ಟರು ತಕ್ಕಡಿಯ ಒಂದು ತಟ್ಟೆಗೆ ಬೆಳ್ಳಿ ನಾಣ್ಯ ಹಾಕಿ, ಇನ್ನೊಂದಕ್ಕೆ ಸಣ್ಣ ಬಟ್ಟುಗಳನ್ನು ಒಂದೊಂದಾಗಿ ಏರಿಸಿದರು. ಮುಳ್ಳು ಓಲಾಡಿ ಓಲಾಡಿ ನಡುವೆ ನಿಂತಿತು.

“ನೋಡಿ ಜಯಪ್ಪನವರೆ, ಒಂದು ತೊಲಕ್ಕಿಂತ ಕೂದಲೆಳೆಯಷ್ಟು ಜಾಸ್ತಿ. ಕರಗಿಸಿದ್ರೆ ಒಂದು ಮೂಟೆ ಉಪ್ಪು ಬರುತ್ತೆ. ಕರಗಿಸದೆ ಹೀಗೇ ಕೊಟ್ರೆ ಕರೆಯೋ ಎಮ್ಮೆ ಬರುತ್ತೆ.”

ಹೊಸನಗರದ ಪೇಟೆ ಬೀದಿಯಲ್ಲಿ ಶೆಟ್ಟರದು ಪಾತ್ರೆ ಅಂಗಡಿ. ಜಯಪ್ಪ ಹಿತ್ತಾಳೆ ಕೊಳಗಗಳ ನಡುವೆ ಸ್ಟೂಲಿನ ಮೇಲೆ ಕುಳಿತು ಆ ನಾಣ್ಯವನ್ನೇ ನೋಡುತ್ತಿದ್ದ. ರೈಲ್ವೆ ಪೊಲೀಸಿನಲ್ಲಿ ಕೆಲಸ ಮಾಡಿ, ತಾಳಗುಪ್ಪ ಲೈನಿನ ಗೂಡ್ಸ್ ಕಳ್ಳರನ್ನು ಹಿಡಿದೇ ತಲೆ ನರೆಸಿಕೊಂಡ ಮನುಷ್ಯ. ನಿವೃತ್ತನಾಗಿ ಸಾಗರದಲ್ಲಿ ಸುಮ್ಮನಿರಲಾರದೆ ಇಂಥ ಕೆಲಸಕ್ಕೆ ಇಳಿದಿದ್ದ.

ಅವನನ್ನು ಈ ಬೆಳ್ಳಿಯ ಹಿಂದೆ ಹೊರಡಿಸಿದವಳು ಕೆರಿಯಪ್ಪನ ಹೆಂಡತಿ ಗುತ್ಯಮ್ಮ. ಯುಗಾದಿ ಕಳೆದ ವಾರದಲ್ಲಿ ಮುದುಕಿ ಶೇಷಮ್ಮನ ತಲೆಗೆ ಯಾರೋ ಹೊಡೆದು, ಅವಳ ಪೆಟ್ಟಿಗೆ ಬಗೆದಿದ್ದರು. ಮುದುಕಿ ಸಾಗರದ ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಅವಳ ಬೆಳ್ಳಿ ನಾಣ್ಯ ಹೋಗಿದೆ ಎಂದು ಮಗ ಭೂತಪ್ಪ ದೂರು ಕೊಟ್ಟ. ಪಕ್ಕದ ಮನೆಯ ಕೆರಿಯಪ್ಪನ ಪೆಟ್ಟಿಗೆಯಲ್ಲಿ ಒಂದಲ್ಲ, ಎರಡು ನಾಣ್ಯ ಸಿಕ್ಕವು. ಎರಡನೆಯದು ಎಲ್ಲಿಂದ ಬಂತು ಎಂದು ಕೇಳಿದ್ದಕ್ಕೆ ಕೆರಿಯಪ್ಪ ಬಾಯಿ ಬಿಡಲಿಲ್ಲ. ಈಗ ಅವನು ಸಾಗರದ ಸಬ್ ಜೈಲಿನಲ್ಲಿದ್ದ.

ಇಷ್ಟು ಸಣ್ಣ ಬೆಳ್ಳಿ ಬಿಲ್ಲೆಗೆ ಅಷ್ಟು ಬೆಲೆ ಏಕೆ ಎಂಬುದು ಜಯಪ್ಪನಿಗೆ ಮೊದಲು ಅರ್ಥವಾಗಬೇಕಿತ್ತು. ಅದಕ್ಕೇ ಶೆಟ್ಟರ ಅಂಗಡಿ. ಬೊಂಬಾಯಿಯ ಒಬ್ಬ ನಾಣ್ಯ ಸಂಗ್ರಾಹಕರ ಪರವಾಗಿ ಈ ಭಾಗದಲ್ಲಿ ಖರೀದಿ ಮಾಡುತ್ತಿದ್ದವರು ಅವರೇ.

ಶೆಟ್ಟರು ಹೇಳಿದ್ದರಲ್ಲಿ ಅರ್ಧ ಜಯಪ್ಪನಿಗೆ ಗೊತ್ತಿದ್ದದ್ದೇ. ಕಲ್ಲುಸಾರ ಎಂಬ ಊರು ಮೂರು ವರ್ಷದ ಹಿಂದೆ, ಅರವತ್ನಾಲ್ಕರ ಮಳೆಗಾಲದಲ್ಲಿ ಶರಾವತಿಯ ಹಿನ್ನೀರಿನಲ್ಲಿ ಮುಳುಗಿತು. ಊರು ಬಿಡುವ ಮುಂಚೆ ಜಮೀನುದಾರರಾದ ನಾರಾಯಣಮೂರ್ತಿಗಳು ತಮ್ಮ ಖರ್ಚಿನಲ್ಲಿ ಬೆಳ್ಳಿ ನಾಣ್ಯ ಹೊಡೆಸಿ ಮನೆಗೊಂದರಂತೆ ಹಂಚಿದರು. ಸರ್ಕಾರದ ಟಂಕಸಾಲೆಯದಲ್ಲ, ಚಲಾವಣೆಯದೂ ಅಲ್ಲ, ಬರೀ ನೆನಪಿನದು. ಒಂದು ಮುಖದಲ್ಲಿ ಹಳ್ಳಕ್ಕೆ ಅಡ್ಡ ಹಾಕಿದ ಕಲ್ಲಿನ ಕಾಲುಸೇತುವೆ, ಅದರ ಪಕ್ಕ ಒಂದು ಮರ. ಇನ್ನೊಂದು ಮುಖದಲ್ಲಿ ‘ಕಲ್ಲುಸಾರ, ೧೯೬೪’. ಕೊನೆಯ ನಾಣ್ಯ ಹೊಡೆದಾದ ಮೇಲೆ ಅಚ್ಚನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿ, ಊರವರೆಲ್ಲ ನೋಡುತ್ತಿದ್ದಂತೆ ನಾರಾಯಣಮೂರ್ತಿಗಳೇ ಹೊಳೆಗೆ ಹಾಕಿದ್ದರು.

“ಊರೂ ನೀರಲ್ಲಿ, ಅಚ್ಚೂ ನೀರಲ್ಲಿ. ಇನ್ನೊಂದು ಹುಟ್ಟೋ ಹಾಗಿಲ್ಲ,” ಎಂದರು ಶೆಟ್ಟರು. “ಬೊಂಬಾಯಿಯವರು ದುಡ್ಡು ಕೊಡೋದು ಬೆಳ್ಳಿಗಲ್ಲ ಸ್ವಾಮಿ. ಆ ಹುಟ್ಟೋ ಹಾಗಿಲ್ಲ ಅನ್ನೋದಕ್ಕೆ.”

ಆಮೇಲೆ ಅವರು ಗಲ್ಲಾಪೆಟ್ಟಿಗೆಯ ಕೆಳಗಿನಿಂದ ಒಂದು ತಟ್ಟೆ ತೆಗೆದರು. ಈವರೆಗೆ ಕೊಂಡ ಕೆಲವು ನಾಣ್ಯಗಳು ಹತ್ತಿಯ ಮೇಲೆ ಮಲಗಿದ್ದವು. ಜೊತೆಗೊಂದು ಭೂತಗನ್ನಡಿ. ಸೇತುವೆಯ ಕೆಳಗೆ ನೋಡಿ ಎಂದರು.

ಜಯಪ್ಪ ನೋಡಿದ. ಒಂದು ನಾಣ್ಯದಲ್ಲಿ ಸೇತುವೆಯ ಕೆಳಗೆ ಏನೂ ಇರಲಿಲ್ಲ. ಇನ್ನೊಂದರಲ್ಲಿ ಕೂದಲಿನಂಥ ಉಬ್ಬುಗೆರೆಯೊಂದು ಸೇತುವೆಯ ಕಲ್ಲಿನಿಂದ ಹೊರಟಿತ್ತು. ಮತ್ತೊಂದರಲ್ಲಿ ಆ ಗೆರೆ ಮರದ ಬುಡದ ಹತ್ತಿರದವರೆಗೆ ಬಂದಿತ್ತು.

ಹೊಡೆಯುತ್ತ ಹೊಡೆಯುತ್ತ ಅಚ್ಚು ಬಿರುಕು ಬಿಟ್ಟಿದೆ ಎಂದು ಶೆಟ್ಟರು ವಿವರಿಸಿದರು. ಬಿರುಕಿನೊಳಗೆ ಬೆಳ್ಳಿ ನುಗ್ಗಿ ನಾಣ್ಯದ ಮೇಲೆ ಗೆರೆಯಾಗುತ್ತದೆ. ಏಟು ಹೆಚ್ಚಾದಷ್ಟೂ ಬಿರುಕು ಉದ್ದವಾಗುತ್ತದೆ. ಗೆರೆ ಉದ್ದವಿದ್ದರೆ ಕೊನೆಕೊನೆಯಲ್ಲಿ ಹೊಡೆದದ್ದು ಎಂದು ಅರ್ಥ. ಬೊಂಬಾಯಿಯವರು ಅದಕ್ಕೆ ಇನ್ನೂ ಹೆಚ್ಚು ಕೊಡುತ್ತಾರೆ.

“ಒಡೆದ ಮಡಕೆಗೆ ಜಾಸ್ತಿ ಬೆಲೆ ಅಂತಾಯ್ತು,” ಎಂದ ಜಯಪ್ಪ.

“ಒಡೆದ ಮೇಲೆ ಕುಂಬಾರನೂ ಸತ್ತಿದ್ರೆ ಹೌದು,” ಎಂದು ಶೆಟ್ಟರು ನಕ್ಕರು.

ಆದರೆ ಜಯಪ್ಪನ ಕಣ್ಣು ತಟ್ಟೆಯ ಮೂಲೆಯ ನಾಣ್ಯದ ಮೇಲೆ ನಿಂತಿತ್ತು. ಅದರ ಅಕ್ಷರಗಳು ಸವೆದು ನುಣುಪಾಗಿದ್ದವು. ಮರದ ಎಲೆಗಳ ಸಂದಿಯಲ್ಲಿ ಅರಿಶಿನ ಕುಂಕುಮ ಮೆತ್ತಿಕೊಂಡಿತ್ತು. ನಾಣ್ಯವನ್ನು ದಿನವೂ ಹುಣಿಸೆಹಣ್ಣು ಹಾಕಿ ತಿಕ್ಕಿ, ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡುತ್ತಿದ್ದವಳು ಕಲ್ಲುಸಾರದವರಲ್ಲಿ ಒಬ್ಬಳೇ ಎಂದು ಗುತ್ಯಮ್ಮ ಹೇಳಿದ್ದಳು. ಅವಳು ಶೇಷಮ್ಮ.

ಇದು ಯಾವಾಗ ಬಂತು ಎಂದು ಜಯಪ್ಪ ಸಹಜವಾಗಿಯೇ ಕೇಳಿದ. ಹೋಳಿ ಹುಣ್ಣಿಮೆಗೆ ಮೊದಲು, ಎಂದರು ಶೆಟ್ಟರು. ಯಾರು ತಂದರು ಎಂದಾಗ ಮಾತ್ರ ತಟ್ಟೆ ಒಳಗೆ ಹೋಯಿತು. ಮಾರಿದವರ ಹೆಸರು ಹೇಳಿದರೆ ನಾಳೆಯಿಂದ ಯಾರೂ ಅಂಗಡಿ ಮೆಟ್ಟಿಲು ಹತ್ತುವುದಿಲ್ಲ ಎಂದರು. ಬರುವ ಸೋಮವಾರ ಬೊಂಬಾಯಿಯವರೇ ಸಾಗರಕ್ಕೆ ಬರುತ್ತಾರೆ, ಉಳಿದ ನಾಣ್ಯಗಳನ್ನೆಲ್ಲ ಒಟ್ಟಿಗೆ ಕೊಳ್ಳುತ್ತಾರೆ, ಅಲ್ಲಿಯವರೆಗೆ ದಯವಿಟ್ಟು ಗಲಾಟೆ ಬೇಡ ಎಂದು ಕೈಮುಗಿದರು.

ಜಯಪ್ಪ ಹೊರಗೆ ಬಂದು ತೀರ್ಥಹಳ್ಳಿ ಬಸ್ಸಿಗೆ ನಿಂತ.

ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಜೇಬಿನಿಂದ ಅವನು ತೆಳುಕಾಗದದ ಒಂದು ಚೂರು ತೆಗೆದ. ಹಿಂದಿನ ದಿನ ಸಾಗರದ ಠಾಣೆಯಲ್ಲಿ, ಸಬ್ ಇನ್ಸ್‌ಪೆಕ್ಟರರ ಎದುರಿಗೇ, ಕೆರಿಯಪ್ಪನ ಪೆಟ್ಟಿಗೆಯಲ್ಲಿ ಸಿಕ್ಕ ಎರಡೂ ನಾಣ್ಯಗಳ ಮೇಲೆ ಈ ಕಾಗದವಿಟ್ಟು ಪೆನ್ಸಿಲ್ ಉಜ್ಜಿಕೊಂಡಿದ್ದ. ಆಗ ಅದು ಬರೀ ಅಭ್ಯಾಸಬಲ. ಗೆರೆಯ ಅರ್ಥ ಆಗ ಗೊತ್ತಿರಲಿಲ್ಲ.

ಈಗ ನೋಡಿದರೆ, ಒಂದು ಅಚ್ಚೊತ್ತಿನಲ್ಲಿ ಗೆರೆ ಗಿಡ್ಡವಾಗಿತ್ತು. ಅದು ಕೆರಿಯಪ್ಪನ ಮನೆಗೆ ಹಂಚಿಕೆಯಲ್ಲಿ ಬಂದದ್ದು. ಎರಡನೆಯದರಲ್ಲಿ ಗೆರೆ ಸೇತುವೆಯಿಂದ ಹೊರಟು, ಮರದ ಬುಡವನ್ನು ಸೀಳಿ, ನಾಣ್ಯದ ಅಂಚಿನವರೆಗೂ ಹೋಗಿತ್ತು. ಅಕ್ಷರಗಳೂ ಚೂಪಾಗಿದ್ದವು. ಇದು ಶೇಷಮ್ಮನ ನಾಣ್ಯವಾಗಿರಲು ಸಾಧ್ಯವೇ ಇರಲಿಲ್ಲ.

ಹಾಗಾದರೆ ಶೇಷಮ್ಮನ ಪೆಟ್ಟಿಗೆಯಿಂದ ಹೋದದ್ದೇನು? ಅವಳ ನಾಣ್ಯ ಹೋಳಿಗೆ ಮುಂಚೆಯೇ ಶೆಟ್ಟರ ತಟ್ಟೆಗೆ ಸೇರಿತ್ತು. ಏಟು ಬಿದ್ದದ್ದು ಯುಗಾದಿಯ ನಂತರ.

ಕಳುವಾದದ್ದನ್ನು ಹುಡುಕುವ ಮೊದಲು ಕಳ್ಳ ಬಿಟ್ಟುಹೋದದ್ದನ್ನು ನೋಡು ಎಂದು ಗೂಡ್ಸ್ ಷೆಡ್ಡಿನ ದಿನಗಳಲ್ಲಿ ಜಯಪ್ಪ ಕಲಿತಿದ್ದ. ಶೇಷಮ್ಮನ ಕಿವಿಯಲ್ಲಿ ಚಿನ್ನದ ಬೆಂಡೋಲೆ ಹಾಗೇ ಇತ್ತು. ಬಂದವನಿಗೆ ಚಿನ್ನ ಬೇಕಾಗಿರಲಿಲ್ಲ. ಏನೋ ಒಂದೇ ಒಂದು ವಸ್ತು ಬೇಕಾಗಿತ್ತು.

ನಾಣ್ಯಗಳಲ್ಲಿ ಕೊನೆಯದು ನಾರಾಯಣಮೂರ್ತಿಗಳ ಹತ್ತಿರವೇ ಇದೆ ಎಂದು ಎಲ್ಲರೂ ಹೇಳುತ್ತಿದ್ದರು. ಇನ್ನೊಂದು ಏಟು ಬಿದ್ದರೆ ಅಚ್ಚು ಹೋಳಾದೀತು ಎಂದು ಅಕ್ಕಸಾಲಿ ವಿಠ್ಠಲ ಶೇಟರು ಅಲ್ಲಿಗೇ ನಿಲ್ಲಿಸಿದ್ದರಂತೆ. ಆ ಕೊನೆಯ ನಾಣ್ಯದ ಗೆರೆ ಎಷ್ಟು ಉದ್ದ ಇದೆ ಎಂಬುದೊಂದನ್ನೇ ಜಯಪ್ಪ ನೋಡಬೇಕಾಗಿತ್ತು.

ನಾರಾಯಣಮೂರ್ತಿಗಳು ಪರಿಹಾರದ ಹಣದಲ್ಲಿ ತೀರ್ಥಹಳ್ಳಿಯ ಹೊರಗೆ ಅಕ್ಕಿ ಗಿರಣಿ ಹಾಕಿದ್ದರು. ಜಯಪ್ಪ ಹೋದಾಗ ಗಿರಣಿ ನಡೆಯುತ್ತಿತ್ತು. ಆಫೀಸು ಕೋಣೆಯ ಮೇಜು, ಕುರ್ಚಿ, ಗೋಡೆಯ ಕ್ಯಾಲೆಂಡರು, ಎಲ್ಲದರ ಮೇಲೂ ತವುಡಿನ ಧೂಳು. ಅರವತ್ತರ ಹತ್ತಿರದ, ತೆಳ್ಳಗಿನ, ಮೆಲುಮಾತಿನ ಮನುಷ್ಯ. ಶೇಷಮ್ಮ ಹೇಗಿದ್ದಾಳೆ ಎಂದು ಅವರೇ ಮೊದಲು ಕೇಳಿದರು. ಆಸ್ಪತ್ರೆಗೆ ಹಣ್ಣು ಕಳಿಸಿದ್ದೆ, ನೋಡಲು ಹೋಗಲಾಗಲಿಲ್ಲ ಎಂದರು. ಕಾಫಿ ತರಿಸಿದರು.

ನಾಣ್ಯ ಹೊಡೆಸಿದ್ದು ಏಕೆ ಎಂದು ಜಯಪ್ಪ ಕೇಳಿದ. ಅವರು ನಿಧಾನವಾಗಿ ಹೇಳತೊಡಗಿದರು. ಊರು ಬಿಡುವಾಗ ಒಬ್ಬನು ಬಾಗಿಲುವಾಡ ಕಿತ್ತುಕೊಂಡು ಹೋದ. ಇನ್ನೊಬ್ಬ ಹೆಂಚು ಇಳಿಸಿದ. ಒಬ್ಬಳು ಬಸಳೆ ಬಳ್ಳಿಯನ್ನು ಮಣ್ಣಿನ ಸಮೇತ ಅಗೆದು ಬುಟ್ಟಿಯಲ್ಲಿಟ್ಟುಕೊಂಡಳು. ಲಾರಿಯಲ್ಲಿ ಒಂದೊಂದು ಕುಟುಂಬ ಒಂದೊಂದು ದಿಕ್ಕಿಗೆ ಹೋಯಿತು. ಎಲ್ಲಿಗೇ ಹೋದರೂ ಎಲ್ಲರ ಮನೆಯಲ್ಲೂ ಒಂದೇ ರೀತಿಯದು ಒಂದು ಇರಲಿ ಎಂದು ಅವರಿಗೆ ಅನ್ನಿಸಿತ್ತು.

ಅದು ಬನಾವಟಿ ಮಾತಲ್ಲ ಎಂದು ಜಯಪ್ಪನಿಗೆ ತೋರಿತು.

ನಿಮ್ಮ ನಾಣ್ಯ ನೋಡಬಹುದೇ ಎಂದ. ಅವರು ಮೇಜಿನ ಖಾನೆಯಿಂದ ಗಂಧದ ಮರದ ಸಣ್ಣ ಡಬ್ಬಿ ತೆಗೆದರು. ಸಾಗರದ ಗುಡಿಗಾರರ ಕೆತ್ತನೆ. ಒಳಗೆ ರೇಷ್ಮೆಯ ಮೇಲೆ ನಾಣ್ಯ.

ಜಯಪ್ಪ ಅದನ್ನು ಕಿಟಕಿಯ ಬೆಳಕಿಗೆ ಹಿಡಿದ. ಸೇತುವೆಯಿಂದ ಹೊರಟ ಗೆರೆ ಮರದ ಬುಡವನ್ನು ಮುಟ್ಟಿ ನಿಂತಿತ್ತು. ಅದರಾಚೆ ಬಯಲು.

“ಇದೇ ಕೊನೆಯದೆ?”

“ಇದೇ. ಶೇಟರು ನನ್ನ ಕೈಗೇ ಕೊಟ್ರು, ಇನ್ನೂ ಬಿಸಿ ಇತ್ತು.”

ಜಯಪ್ಪ ತೆಳುಕಾಗದವನ್ನು ಮೇಜಿನ ಮೇಲೆ ಬಿಡಿಸಿ, ನಾಣ್ಯವನ್ನು ಅದರ ಪಕ್ಕಕ್ಕಿಟ್ಟ. ಬೆರಳಿನಿಂದ ಎರಡೂ ಗೆರೆ ತೋರಿಸಿದ. ಒಂದು ಮರದ ಬುಡಕ್ಕೆ ನಿಂತದ್ದು, ಒಂದು ಅಂಚಿನವರೆಗೆ ಹೋದದ್ದು.

ನಾರಾಯಣಮೂರ್ತಿಗಳು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಗಿರಣಿಯ ಬೆಲ್ಟು ಹೊರಗೆ ಬಡಿಯುತ್ತಲೇ ಇತ್ತು.

“ಯಾರೋ ಎರಕ ಹೊಯ್ದು ಕಳ್ಳ ನಾಣ್ಯ ಮಾಡಿರಬೇಕು,” ಎಂದರು.

ಅದನ್ನೂ ಯೋಚಿಸಿದ್ದೇನೆ ಎಂದ ಜಯಪ್ಪ. ಒಂದು ನಾಣ್ಯದಿಂದ ಎರಕ ತೆಗೆದರೆ ಗೆರೆ ಇದ್ದಷ್ಟೇ ಬರುತ್ತದೆ, ಉದ್ದವಾಗುವುದಿಲ್ಲ. ಗೆರೆ ಬೆಳೆಯಬೇಕಾದರೆ ಬಿರುಕು ಬೆಳೆಯಬೇಕು. ಬಿರುಕು ಬೆಳೆಯಬೇಕಾದರೆ ಅದೇ ಅಚ್ಚಿನ ಮೇಲೆ ಮತ್ತೆ ಏಟು ಬೀಳಬೇಕು. ನೀವು ಹೊಳೆಗೆ ಹಾಕಿದ ಗಂಟನ್ನು ಬಿಚ್ಚಿ ನೋಡಿದ್ದಿರೇನು ಎಂದು ಕೇಳಿದ.

ಇಲ್ಲ ಎಂದರು ಅವರು. ಶೇಟರು ಕಟ್ಟಿಕೊಟ್ಟಿದ್ದರು. ಭಾರವಾಗಿತ್ತು. ಹಾಗೇ ಹಾಕಿದೆ, ಮುಳುಗಿತು. ಶೇಟರಂತೂ ಹೋದ ದೀಪಾವಳಿಗೆ ತೀರಿಕೊಂಡರು, ಇನ್ನು ಕೇಳುವುದು ಯಾರನ್ನು?

ಕಾಫಿ ಆರಿತ್ತು.

“ಇದನ್ನ ಕೋರ್ಟಲ್ಲಿ ಹೇಳ್ತೀರಾ?” ಎಂದರು ನಾರಾಯಣಮೂರ್ತಿಗಳು ಕೊನೆಗೆ.

“ಹೇಳದೆ ಕೆರಿಯಪ್ಪ ಹೊರಗೆ ಬರೋದು ಹೇಗೆ? ಆ ನಾಣ್ಯ ಶೇಷಮ್ಮಂದಲ್ಲ ಅಂತ ತೋರಿಸೋಕೆ ನನ್ನ ಹತ್ರ ಇರೋದು ಇದೊಂದೇ.”

“ಹೇಳಿದ ಮಾರನೇ ದಿನ ಕಲ್ಲುಸಾರದ ನಾಣ್ಯ ಅಂದ್ರೆ ಬರೀ ಬೆಳ್ಳಿ. ಅಚ್ಚು ಇನ್ನೂ ಬದುಕಿದೆ ಅಂತ ಗೊತ್ತಾದ್ರೆ ಬೊಂಬಾಯಿಯವರು ತಿರುಗಿ ನೋಡ್ತಾರಾ?”

ನಾರಾಯಣಮೂರ್ತಿಗಳು ಮುಂದುವರಿಸಿದರು, ದನಿ ಏರಿಸಲಿಲ್ಲ. ಸರ್ಕಾರ ಕೊಟ್ಟ ಹೊಸ ಜಾಗ ಬರೀ ಗುಡ್ಡ. ಒಬ್ಬ ನಾಣ್ಯ ಮಾರಿ ಬಾವಿ ತೋಡಿಸುತ್ತೇನೆ ಎಂದು ಕಾದಿದ್ದಾನೆ. ಒಬ್ಬ ಮಗಳ ಮದುವೆ ಗೊತ್ತುಮಾಡಿದ್ದಾನೆ. ಒಬ್ಬ ಎತ್ತಿಗೆ ಮಾತಾಡಿ ಬಂದಿದ್ದಾನೆ. ಮುಳುಗಿದ ಊರಿನಿಂದ ಅವರಿಗೆ ಉಳಿದದ್ದು ಅದೊಂದೇ. ಒಬ್ಬನನ್ನು ಬಿಡಿಸಲು ಹೋಗಿ ಇಡೀ ಊರನ್ನು ಎರಡನೇ ಸಲ ಮುಳುಗಿಸಬೇಡಿ ಎಂದರು.

“ಸೋಮವಾರ ಅವರು ಬಂದು ಕೊಂಡು ಹೋಗ್ಲಿ. ಅಷ್ಟು ತಡೀರಿ. ಆಮೇಲೆ ನಿಮ್ಮಿಷ್ಟ.”

“ಅಷ್ಟರಲ್ಲಿ ಶೇಷಮ್ಮ ಸತ್ರೆ ಇದು ಕೊಲೆ ಕೇಸಾಗುತ್ತೆ, ಅಯ್ಯನವರೆ. ಮಾರೋರು ಮಾರಿ ಆಗಿರುತ್ತೆ. ಕೆರಿಯಪ್ಪನ ಕುತ್ತಿಗೆಗೆ ಹಗ್ಗ ಬಿದ್ದಿರುತ್ತೆ. ಕೊಂಡವರಿಗೂ ಅದು ಮೋಸವೇ.”

ನಾರಾಯಣಮೂರ್ತಿಗಳು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು. ಆಮೇಲೆ, ಹೇಳಬೇಕೋ ಬೇಡವೋ ಎಂಬಂತೆ ತಡೆದು ತಡೆದು, ನಾಣ್ಯ ಹೊಡೆದವರು ಯಾರೆಂದು ಗೊತ್ತೇ ಎಂದು ಕೇಳಿದರು. ವಿಠ್ಠಲ ಶೇಟರು ತಾನೇ ಎಂದ ಜಯಪ್ಪ.

“ಶೇಟರು ಅಚ್ಚು ಹಿಡಿದು ಕೂತಿದ್ರು ಅಷ್ಟೆ. ದೊಡ್ಡ ಸುತ್ತಿಗೆ ಎತ್ತೋ ಶಕ್ತಿ ಅವರ ಕೈಲಿ ಇರ್ಲಿಲ್ಲ. ಒಂದು ಗಟ್ಟಿ ಆಳು ಕಳಿಸಿ ಅಂದ್ರು. ನನ್ನ ಒಕ್ಕಲಲ್ಲಿ ಅಂಥವನು ಕೆರಿಯಪ್ಪ ಒಬ್ನೇ. ಒಂದೊಂದು ನಾಣ್ಯದ ಮೇಲೂ ಬಿದ್ದಿದ್ದು ಅವನ ಏಟೇ.”

ಜಯಪ್ಪ ಕಾಗದವನ್ನು ಮಡಿಸಲು ಎತ್ತಿಕೊಂಡವನು ಹಾಗೇ ಕೈಯಲ್ಲಿ ಹಿಡಿದು ಕುಳಿತ.

ಕೆರಿಯಪ್ಪನನ್ನು ಬಿಡಿಸಲು ಅವನು ಸಾಗರದಿಂದ ಇಲ್ಲಿಯವರೆಗೆ ಹೊತ್ತು ತಂದ ಪುರಾವೆ, ಇದೊಂದು ಮಾತಿನಿಂದ ಕೆರಿಯಪ್ಪನ ಕಡೆಗೇ ತಿರುಗಿತ್ತು. ನಾಣ್ಯ ಶೇಷಮ್ಮನದಲ್ಲ, ಸರಿ. ಹೊಸದಾಗಿ ಹೊಡೆದದ್ದು, ಅದೂ ಸರಿ. ಹೊಡೆಯಲು ಬಲ್ಲವನು ಬದುಕಿರುವವರಲ್ಲಿ ಒಬ್ಬನೇ. ಅವನ ಪೆಟ್ಟಿಗೆಯಲ್ಲೇ ಅದು ಸಿಕ್ಕಿದೆ.

“ಇದನ್ನ ನಾನು ಪೊಲೀಸರಿಗೆ ಹೇಳಿಲ್ಲ,” ಎಂದರು ನಾರಾಯಣಮೂರ್ತಿಗಳು ಮೆಲ್ಲಗೆ. “ನಮ್ಮನೆ ಅನ್ನ ಉಂಡವನು. ನೀವಾಗಿ ಕೇಳಿದ್ದಕ್ಕೆ ಹೇಳಿದೆ.”

ಜಯಪ್ಪ ಎದ್ದು ನಮಸ್ಕಾರ ಮಾಡಿದ. ತಡೆಯುತ್ತೇನೆ ಎಂದೂ ಹೇಳಲಿಲ್ಲ, ತಡೆಯುವುದಿಲ್ಲ ಎಂದೂ ಹೇಳಲಿಲ್ಲ.

ವಾಪಸು ಬಸ್ಸಿನಲ್ಲಿ ಅವನಿಗೆ ತನ್ನ ಮೇಲೇ ಬೇಸರ ಬಂದಿತ್ತು. ಗುತ್ಯಮ್ಮನ ಮುಖ ಕಣ್ಣ ಮುಂದೆ ಬಂತು. ನಮ್ಮನೆಯೋರು ಕದ್ದಿಲ್ಲ ಎಂದು ಅವಳು ಹೇಳಿದ ರೀತಿಯಲ್ಲಿ ಸುಳ್ಳಿರಲಿಲ್ಲ. ಕದ್ದಿಲ್ಲ ನಿಜ, ಆದರೆ ಕಳ್ಳ ನಾಣ್ಯ ಹೊಡೆದಿರಬಹುದಲ್ಲ? ಅವಳಿಗೆ ಅದು ಗೊತ್ತಿರಲಾರದು. ಅವಳೂ ಒಂದು ನಾಣ್ಯವನ್ನೇ ನಂಬಿಕೊಂಡು ವಕೀಲರ ಬಳಿ ಹೋಗಿದ್ದಳು. ಠಾಣೆಯಿಂದ ನಮ್ಮ ನಾಣ್ಯ ವಾಪಸು ಬಂದ ಮೇಲೆ ಮಾರಿ ಫೀಸು ಕೊಡುತ್ತೇನೆ ಎಂದಿದ್ದಳು. ನಿಜ ಹೊರಗೆ ಬಂದರೆ ಆ ಫೀಸೂ ಇಲ್ಲ.

ನಿಜ ಹೇಳುವುದು ತನ್ನ ಕೆಲಸ ಎಂದು ಜಯಪ್ಪ ಇಷ್ಟು ವರ್ಷ ನಂಬಿದ್ದ. ಸಾಮಾನು ಸಿಕ್ಕಿತು, ಕಳ್ಳ ಸಿಕ್ಕಿದ, ಕೇಸು ಮುಗಿಯಿತು. ನಿಜ ಹೇಳಿದ್ದಕ್ಕೆ ಯಾರದೋ ಬಾವಿ ನಿಂತುಹೋಗುವಂಥ ಕೇಸು ಅವನಿಗೆ ಬಂದಿರಲಿಲ್ಲ.

ಹೊಸನಗರ ದಾಟಿದ ಮೇಲೆ ದೂರದಲ್ಲಿ ಹಿನ್ನೀರು ಕಂಡಿತು. ಬೇಸಗೆಗೆ ಇಳಿದ ನೀರಿನ ಅಂಚಿನಲ್ಲಿ ಕೆಂಪು ಮಣ್ಣು ಪಟ್ಟೆಪಟ್ಟೆಯಾಗಿತ್ತು. ಒಣಗಿದ ಮರಗಳು ಸೊಂಟದವರೆಗೆ ನೀರಿನಲ್ಲಿ ನಿಂತಿದ್ದವು. ಅದನ್ನು ನೋಡುತ್ತ ಕುಳಿತಿದ್ದಾಗ ಒಂದು ವಿಷಯ ತಲೆಗೆ ಹೊಳೆಯಿತು.

ನೀರಿಗೆ ಹಾಕಿದ್ದೇನೆ ಎಂದು ಮೂರು ವರ್ಷದಿಂದ ನಂಬಿದ್ದ ವಸ್ತು ನೀರಿನಲ್ಲಿಲ್ಲ ಎಂದು ಒಬ್ಬ ಮನುಷ್ಯನಿಗೆ ಗೊತ್ತಾಗುತ್ತದೆ. ಅವನು ಮೊದಲು ಕೇಳಬೇಕಾದ್ದೇನು? ಹಾಗಾದರೆ ಅದು ಈಗ ಎಲ್ಲಿದೆ ಎಂದು. ನಾರಾಯಣಮೂರ್ತಿಗಳು ಕೋರ್ಟಿನ ಬಗ್ಗೆ ಕೇಳಿದರು. ಬೊಂಬಾಯಿಯವರ ಬಗ್ಗೆ ಹೇಳಿದರು. ಅಚ್ಚು ಎಲ್ಲಿದೆ ಎಂದು ಮಾತ್ರ ಕೇಳಲಿಲ್ಲ.

ಗಾಬರಿಯಲ್ಲಿ ಮರೆತಿರಬಹುದು ಎಂದುಕೊಂಡ. ಆದರೆ ಅವರು ಗಾಬರಿಯಾದಂತೆ ಕಂಡಿರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಜಯಪ್ಪ ಮೊದಲು ಆಸ್ಪತ್ರೆಗೆ ಹೋದ. ಶೇಷಮ್ಮನ ಉಸಿರು ಏರಿಳಿಯುತ್ತಿತ್ತು, ಅಷ್ಟೇ. ಮಗ ಭೂತಪ್ಪ ಕಟ್ಟೆಯ ಮೇಲೆ ತಲೆ ಬಗ್ಗಿಸಿ ಕುಳಿತಿದ್ದ. ಅಮ್ಮನ ನಾಣ್ಯವನ್ನು ಹೊಸನಗರದಲ್ಲಿ ನೋಡಿ ಬಂದೆ ಎಂದು ಜಯಪ್ಪ ಮೆಲ್ಲಗೆ ಹೇಳಿದ. ಭೂತಪ್ಪ ತಲೆ ಎತ್ತಲಿಲ್ಲ. ಅಲ್ಲ ಎಂದೂ ಹೇಳಲಿಲ್ಲ. ಜಯಪ್ಪ ಹೆಚ್ಚು ಕೇಳದೆ ಸಬ್ ಜೈಲಿಗೆ ನಡೆದ.

ಕೆರಿಯಪ್ಪ ಸರಳಿನ ಆಚೆ ಗೋಡೆಗೆ ಒರಗಿ ಕುಳಿತಿದ್ದ. ಎತ್ತರದ ಆಳು, ತೋಳು ಇನ್ನೂ ಗಟ್ಟಿಯಾಗಿಯೇ ಇದ್ದವು. ಈ ಮೊದಲು ಎರಡು ಸಲ ಬಂದಾಗಲೂ ಅವನು ಅಜ್ಜಿ ಹೇಗಿದ್ದಾಳೆ ಎಂದಷ್ಟೇ ಕೇಳಿ ಸುಮ್ಮನಾಗಿದ್ದ.

ಇವತ್ತೂ ಅದನ್ನೇ ಕೇಳಿದ. ಹಾಗೇ ಇದ್ದಾಳೆ ಎಂದ ಜಯಪ್ಪ. ಆಮೇಲೆ ಸುತ್ತುಬಳಸದೆ ಎಲ್ಲವನ್ನೂ ಹೇಳಿದ. ಗೆರೆಯ ವಿಷಯ. ತೀರ್ಥಹಳ್ಳಿಗೆ ಹೋಗಿ ಬಂದ ವಿಷಯ. ಆ ದಿನಗಳಲ್ಲಿ ಸುತ್ತಿಗೆ ಹೊಡೆದವನು ನೀನೇ ಎಂದು ನಾರಾಯಣಮೂರ್ತಿಗಳು ಹೇಳಿದ ವಿಷಯ.

ಕೆರಿಯಪ್ಪ ಸರಳಿನ ಹತ್ತಿರಕ್ಕೆ ಬಂದ.

“ಒಡೇರೇ ಹೇಳಿದ್ರಾ?”

“ಅವರೇ ಹೇಳಿದ್ರು.”

ಅವನು ಒಂದು ದೀರ್ಘ ಉಸಿರು ಬಿಟ್ಟ. ಹೆಗಲ ಮೇಲಿನ ಹೊರೆಯನ್ನು ಬೇರೆಯವರು ಇಳಿಸಿದಂತಿತ್ತು.

“ಹಂಗಾರೆ ಇನ್ನೆಂತ ಮುಚ್ಚಿಡೋದು. ಯಾರಿಗೂ ಹೇಳ್ಬ್ಯಾಡ, ನಮ್ಮೂರೋರ ನಾಣ್ಯ ಮಣ್ಣಾಗ್ತದೆ ಅಂತ ಮಾತು ತಗಂಡಿದ್ರು. ಅದ್ಕೆ ಸುಮ್ನಿದ್ದೆ.”

ಹಾಗೆ ಮಾತು ತೆಗೆದುಕೊಂಡವರು ಯಾರೆಂದು ಜಯಪ್ಪನಿಗೆ ಹೊಳೆಯಿತು. ಆದರೆ ಅವನು ನಡುವೆ ಬಾಯಿ ಹಾಕಲಿಲ್ಲ. ಬಾಯಿ ಬಿಡಲು ಹೊರಟ ಮನುಷ್ಯನನ್ನು ತಡೆಯಬಾರದು.

ಕೆರಿಯಪ್ಪ ಹೇಳಿದ್ದು ಇಷ್ಟು. ವಿಠ್ಠಲ ಶೇಟರು ಹಾಸಿಗೆ ಹಿಡಿದಾಗ ಅವನಿಗೆ ಹೇಳಿಕಳಿಸಿದ್ದರು. ಮಂಚದ ಕೆಳಗಿನಿಂದ ಒಂದು ಗಂಟು ತೆಗೆಸಿದರು. ಒಳಗೆ ಅಚ್ಚು. ಕೈಯಾರೆ ಕೊರೆದದ್ದನ್ನು ನೀರಿಗೆ ಹಾಕಲು ಮನಸ್ಸು ಒಪ್ಪಲಿಲ್ಲ, ಕೆಂಪು ಬಟ್ಟೆಯಲ್ಲಿ ಹಳೇ ಕಬ್ಬಿಣದ ತುಂಡು ಕಟ್ಟಿಕೊಟ್ಟಿದ್ದೆ ಎಂದರಂತೆ. ನಿನ್ನ ಏಟಿಗೆ ಬಿರುಕು ಬಿಟ್ಟದ್ದು, ನೀನೇ ಇಟ್ಟುಕೋ ಎಂದು ಕೊಟ್ಟರು. ಅವನು ತಂದು ಮನೆಯ ಮಾಡಿನಲ್ಲಿ ಇಟ್ಟಿದ್ದ. ಏನಾದರೂ ಮಾಡಬೇಕೆಂದು ಅಲ್ಲ.

ಹೋಳಿಗೆ ಮುಂಚೆ ಭೂತಪ್ಪ ತಾಯಿಗೆ ತಿಳಿಯದಂತೆ ಅವಳ ನಾಣ್ಯ ಮಾರಿದ. ಅಜ್ಜಿ ದೇವರ ಮುಂದಿನ ಮಣೆ ಬರಿದಾದದ್ದನ್ನು ನೋಡಿ ಊಟ ಬಿಟ್ಟಳು. ಮಗನನ್ನು ಒಂದು ಮಾತೂ ಅನ್ನಲಿಲ್ಲ. ಪಕ್ಕದ ಮನೆಯಲ್ಲಿ ಕುಳಿತು ಅದನ್ನು ನೋಡಲು ಕೆರಿಯಪ್ಪನಿಂದ ಆಗಲಿಲ್ಲ. ತನ್ನ ಬೆಳ್ಳಿ ಉಡಿದಾರ ಕರಗಿಸಿ, ಕಲ್ಲಿನ ಮೇಲೆ ಅಚ್ಚಿಟ್ಟು, ಒಂದೇ ಒಂದು ನಾಣ್ಯ ಹೊಡೆದ. ಗೆರೆ ಅಂಚಿಗೆ ಹೋಗಿದ್ದನ್ನು ಅವನೂ ನೋಡಿದ್ದ.

“ಅಕ್ಷಯ ತದಿಗೆ ದಿನ ಕೊಡಾನ ಅಂತ ಇಟ್ಕಂಡಿದ್ದೆ. ಪೂಜೆಗೆ ಇಡ್ತೀನಿ ಅಂದಿತ್ತು ಅಜ್ಜಿ. ಅಷ್ಟ್ರಲ್ಲಿ ಹಿಂಗಾತು.”

ಅಚ್ಚು ಈಗ ಎಲ್ಲಿದೆ ಎಂದು ಜಯಪ್ಪ ಕೇಳಿದ. ನಾರಾಯಣಮೂರ್ತಿಗಳು ಕೇಳದೆ ಬಿಟ್ಟ ಪ್ರಶ್ನೆ.

ಕೆರಿಯಪ್ಪ ಆಶ್ಚರ್ಯದಿಂದ ಅವನ ಮುಖ ನೋಡಿದ.

“ಇನ್ನೂ ಗೊತ್ತಾಗ್ಲಿಲ್ವ ನಿಮ್ಗೆ? ಅವತ್ತು ಅಜ್ಜಿ ಪೆಟ್ಟಿಗೇಲಿ ಇದ್ದದ್ದು ಅದೇಯ. ಬಂದೋರು ಒಯ್ದದ್ದೂ ಅದನ್ನೇ.”

ಚಿನ್ನದ ಬೆಂಡೋಲೆ ಕಿವಿಯಲ್ಲೇ ಉಳಿದದ್ದು ಏಕೆಂದು ಜಯಪ್ಪನಿಗೆ ಈಗ ತಿಳಿಯಿತು. ಸೋಮವಾರ ಬೊಂಬಾಯಿಯವರು ಬರುತ್ತಾರೆ. ಉದ್ದ ಗೆರೆಯ ನಾಣ್ಯಕ್ಕೆ ಹೆಚ್ಚು ಬೆಲೆ. ಅಚ್ಚು ಯಾರ ಕೈಯಲ್ಲಿದೆಯೋ ಅವರಿಗೆ, ಅದು ಹೋಳಾಗುವವರೆಗೆ, ಬೇಕಾದಷ್ಟು ಕೊನೆಯ ನಾಣ್ಯಗಳು.

ಅವನು ಸರಳನ್ನು ಹಿಡಿದು ದನಿ ತಗ್ಗಿಸಿದ.

“ಅಚ್ಚು ಅಲ್ಲಿರೋದು ಯಾರಿಗೆ ಗೊತ್ತಿತ್ತು ಕೆರಿಯಪ್ಪ? ಭೂತಪ್ಪನಿಗೆ?”

“ಇಲ್ಲ. ಅಜ್ಜಿ ಬಾಯಿ ಬಿಡಾದಲ್ಲ. ನಾನು ಗುತ್ಯಮ್ಮಂಗೂ ಹೇಳಿರ್ಲಿಲ್ಲ.”

“ಶೆಟ್ಟರಿಗೆ?”

“ಅವ್ರ ಅಂಗಡಿ ಮೆಟ್ಲು ನಾ ಹತ್ತಿಲ್ಲ.”

“ಮತ್ತೆ?”

ಕೆರಿಯಪ್ಪ ತಲೆ ಕೆರೆದುಕೊಂಡ. ಅದು ಹೇಳಬೇಕಾದ ವಿಷಯವೆಂದೇ ಅವನಿಗೆ ಅನ್ನಿಸಿದಂತಿರಲಿಲ್ಲ.

“ಒಡೇರನ್ನ ಕೇಳ್ದೆ ನಾ ಹ್ಯಾಂಗೆ ಹೊಡೀಲಿ ಸಾಹೇಬ್ರೆ? ತೀರ್ಥಳ್ಳಿಗೆ ಹೋಗಿ ಅಚ್ಚು ಅವ್ರ ಮುಂದಿಟ್ಟು ಕೇಳಿದ್ದೆ. ಅಜ್ಜಿಗೆ ಒಂದು ಹೊಡ್ಕೊಡು ಅಂದ್ರು. ಆಮೇಲೆ ನಿನ್ನ ಮನೇಲಿ ಇಟ್ಕಬ್ಯಾಡ, ಶೇಷಮ್ಮನ ಪೆಟ್ಟಿಗೇಲಿ ಇಡು, ಮುದುಕಿ ಪೆಟ್ಟಿಗೆ ಯಾರೂ ನೋಡಲ್ಲ ಅಂತ ಅವ್ರೇ ಹೇಳಿದ್ರು.”